ಮೋಶೆಯ ಕೈಗಳು, ದಿವೇಕರರ ಹರಕೆ



ರೆಫೀದೀಮಿನಲ್ಲಿ ಅಮಾಲೇಕ್ಯರೊಡನೆ ಕಾದಾಡಿದವನು ಯೆಹೋಶುವ. ಗುಡ್ಡದ ಮೇಲೆ ಕೈಯೆತ್ತಿ ನಿಂತವನು ಮೋಶೆ (ವಿಮೋಚನಾಕಾಂಡ 17). ಆ ಕೈಗಳಲ್ಲಿ ನಾವು ಶಿಲುಬೆಯ ಮುನ್ಸೂಚನೆಯನ್ನು ಕಾಣುತ್ತೇವೆ. ಯೆಹೂದ್ಯ ಗುರುಗಳು ಕೇಳಿದ್ದೇ ಬೇರೆ. ಕೈಗಳು ಯುದ್ಧ ಗೆಲ್ಲಿಸಬಲ್ಲವೇ ಎಂಬುದು ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಗ್ರಂಥದ ಪ್ರಶ್ನೆ. ಇಲ್ಲ, ಜನರು ಮೇಲೆ ನೋಡಿ ಪರಲೋಕದ ತಂದೆಗೆ ಹೃದಯ ಒಪ್ಪಿಸಿದಾಗ ಗೆದ್ದರು, ಇಲ್ಲದಾಗ ಸೋತರು ಎಂಬುದೇ ಅವರ ಉತ್ತರ. ನಾಯಕನಿಗೆ ಎಷ್ಟು ಚಿಕ್ಕ ಸ್ಥಾನ! ಮೋಶೆಯ ಸಮಾಧಿ ಎಲ್ಲಿದೆಯೆಂದೂ ಯಾರಿಗೂ ತಿಳಿಯದು.

ಇದೇ ವಿಶ್ವಾಸದ ಸೈನಿಕರೊಬ್ಬರ ಕಥೆ ನಮ್ಮ ನಾಡಿಗೂ ಸೇರಿದೆ. ಬೆನೆ ಇಸ್ರಯೇಲ್ ಸಮುದಾಯದ ಸಾಮುಯೇಲ್ ಎಜೆಕಿಯೇಲ್ ದಿವೇಕರ್, ಕಂಪನಿಯ ಮುಂಬಯಿ ಸೇನೆಯ ಅಧಿಕಾರಿ. ನಮ್ಮ ಜಿಲ್ಲೆಯ ಬಿದನೂರನ್ನು 1783ರಲ್ಲಿ ಟಿಪ್ಪು ಮರಳಿ ಗೆದ್ದುಕೊಂಡನಲ್ಲ, ಆ ಎರಡನೆಯ ಮೈಸೂರು ಯುದ್ಧದಲ್ಲಿಯೇ ಅವರೂ ಸೆರೆಯಾದರು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಕಥೆಯಂತೂ ಘಟ್ಟ ಹತ್ತಿ ಶಿವಮೊಗ್ಗ, ಭದ್ರಾವತಿಗೆ ಬಂದ ನಮ್ಮ ಕುಟುಂಬಗಳಿಗೆ ಗೊತ್ತೇ ಇದೆ.

ಬಿಡುಗಡೆಯಾದರೆ ಪ್ರಾರ್ಥನಾಮಂದಿರ ಕಟ್ಟಿಸುತ್ತೇನೆಂದು ದಿವೇಕರ್ ಸೆರೆಯಲ್ಲಿ ಹರಕೆ ಹೊತ್ತರೆಂದು ಅವರ ಜನರ ಪರಂಪರೆ ಹೇಳುತ್ತದೆ. 1796ರಲ್ಲಿ ಕಟ್ಟಿಸಿಯೇಬಿಟ್ಟರು, ಮುಂಬಯಿಯ ಮೊದಲ ಯೆಹೂದ್ಯ ಮಂದಿರವನ್ನು. ಮಾಂಡವಿಯಲ್ಲಿರುವ ಅದರ ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ದ್ವಾರ.