ಮೆಫಿಸ್ಟೋಫಿಲಿಸ್ ಮತ್ತು ಮಾರ್ಗರೆಟಾ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ ಜೋಡಿ ದಾರುಶಿಲ್ಪ. ಕಾಲ 19ನೆಯ ಶತಮಾನ. ಯುರೋಪಿನ ರಮ್ಯಪಂಥದ ಕಲಾವಿದರನ್ನು ಬಿಡದೆ ಕಾಡಿದ ಪಿಶಾಚಿ, ಪಾಪ, ಪತನಗಳ ವಸ್ತುವನ್ನು ದಕ್ಷಿಣ ಭಾರತದಲ್ಲಿ ಕಣ್ಣಾರೆ ಕಾಣಿಸುವ ಕೃತಿ.

ಸಿಕಮೋರ್ ಮರದ ಒಂದೇ ದಿಮ್ಮಿಯಲ್ಲಿ ಎರಡೂ ಆಕೃತಿಗಳನ್ನು ಬೆನ್ನಿಗೆ ಬೆನ್ನಾಗಿ ಕಡೆಯಲಾಗಿದೆ. ಮುಂಬದಿಯಲ್ಲಿ ಕುಲಾವಿಯ ನಿಲುವಂಗಿ ತೊಟ್ಟು, ಒಣಗಿದ ಉದ್ದ ಮುಖದಲ್ಲಿ ಕುಹಕದ ನಗೆ ಬೀರುವ ಮೆಫಿಸ್ಟೋಫಿಲಿಸ್. ಹಿಂಬದಿಯಲ್ಲಿ ಪ್ರಾರ್ಥನಾ ಪುಸ್ತಕ ಹಿಡಿದು ತಲೆತಗ್ಗಿಸಿ ನಿಂತ ಮಾರ್ಗರೆಟಾ. ಹಿಂದಿರಿಸಿದ ಕನ್ನಡಿಯಲ್ಲಿ ಅವಳ ರೂಪ ಕಾಣುವುದರಿಂದ ನೋಡುಗನಿಗೆ ಇಬ್ಬರೂ ಒಟ್ಟಿಗೆ ಎದುರಾಗುತ್ತಾರೆ.

ಕಥೆ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ್ದು (ಮೊದಲ ಭಾಗ 1808, ಎರಡನೆಯದು 1832). ಅರಿವಿನ ಹಸಿವು ತೀರದ ವಿದ್ವಾಂಸ ಫೌಸ್ಟ್ ಪಿಶಾಚಿ ಮೆಫಿಸ್ಟೋಫಿಲಿಸನೊಡನೆ ಒಪ್ಪಂದ ಮಾಡಿಕೊಂಡು, ಅವನ ನೆರವಿನಿಂದ ಮಾರ್ಗರೆಟಾಳನ್ನು ಒಲಿಸಿಕೊಳ್ಳುತ್ತಾನೆ. ಅವಳ ತಾಯಿ, ಅಣ್ಣ, ಹಸುಗೂಸು ಎಲ್ಲರೂ ಸಾವಿಗೀಡಾಗುತ್ತಾರೆ. ಅವಳು ಸೆರೆಮನೆ ಸೇರುತ್ತಾಳೆ. ಪಿಶಾಚಿಯ ಪಾಲಾಗಲು ಒಪ್ಪದ ಅವಳಿಗೆ ಕೊನೆಗೆ ದೈವದ ರಕ್ಷೆ ದೊರೆಯುತ್ತದೆ.

ಬುದ್ಧಿಯ ಬೆಳಕಿಗೆ ಎಟುಕದ ಭಯ, ಕನಸು, ಉನ್ಮಾದಗಳೂ ಮನುಷ್ಯನ ಸತ್ಯವೇ ಎಂಬುದು ರಮ್ಯಪಂಥದ ನಂಬಿಕೆ. ಚಿತ್ರಕಾರ ಫ್ಯೂಸ್ಲಿಯ 'ದುಃಸ್ವಪ್ನ' (1781) ಚಿತ್ರದಲ್ಲಿ ಮಲಗಿದ ಹೆಣ್ಣಿನ ಎದೆಯ ಮೇಲೆ ಪಿಶಾಚಿ ಕುಳಿತಿದೆ. ಸ್ಪೇನಿನ ಗೋಯ 1799ರ 'ಕಪ್ರಿಚೋಸ್' ಮಾಲೆಯ 80 ಮುದ್ರಣಚಿತ್ರಗಳಲ್ಲಿ ಮಾಟಗಾತಿಯರನ್ನೂ ವಿಕಾರ ಜೀವಿಗಳನ್ನೂ ಚಿತ್ರಿಸಿ ಸಮಾಜದ ಮೌಢ್ಯವನ್ನು ಬಯಲಿಗೆಳೆದ. ಫ್ರೆಂಚ್ ಚಿತ್ರಕಾರ ದೆಲಾಕ್ರಾ 1828ರಲ್ಲಿ 'ಫೌಸ್ಟ್'ನ ಫ್ರೆಂಚ್ ಅನುವಾದಕ್ಕೆ 17 ಕಲ್ಲಚ್ಚು ಚಿತ್ರಗಳನ್ನು ರಚಿಸಿದ; ಅವುಗಳಲ್ಲೊಂದರಲ್ಲಿ ಮೆಫಿಸ್ಟೋಫಿಲಿಸ್ ಇರುಳಿನ ನಗರದ ಮೇಲೆ ರೆಕ್ಕೆ ಬಿಚ್ಚಿ ಹಾರುತ್ತಾನೆ. ದೆಲಾಕ್ರಾನ ಚಿತ್ರಗಳು ಗಯಟೆಯ ಮೆಚ್ಚುಗೆಯನ್ನೂ ಪಡೆದವು.

ಈ ಚಿತ್ರಕಾರರು ಕಪ್ಪು–ಬಿಳುಪಿನ ಸಂಘರ್ಷದಿಂದ ಸಾಧಿಸಿದ್ದನ್ನು ಹೈದರಾಬಾದಿನ ಶಿಲ್ಪ ಮರದ ರಚನೆಯಿಂದಲೇ ಸಾಧಿಸುತ್ತದೆ. ಕೆಡುಕು ಮತ್ತು ಮುಗ್ಧತೆ ಇಲ್ಲಿ ದೂರದ ಎರಡು ಲೋಕಗಳಲ್ಲ. ಒಂದೇ ತಿರುಳನ್ನು ಹಂಚಿಕೊಂಡಿವೆ, ಆದರೂ ಒಂದರ ಮುಖ ಇನ್ನೊಂದಕ್ಕೆ ಕಾಣದು. ಕೃತಿಯ ನಿಜವಾದ ಹಿರಿಮೆ ಕೆತ್ತನೆಯ ಚಮತ್ಕಾರಕ್ಕಿಂತ ಈ ದರ್ಶನದಲ್ಲಿದೆ.

ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಅವರ ಮನೆತನದ ಸಂಗ್ರಹವೇ ಈ ಶಿಲ್ಪವಿರುವ ವಸ್ತುಸಂಗ್ರಹಾಲಯದ ಮೂಲ. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ವಸ್ತುಸಂಗ್ರಹಾಲಯವನ್ನು ಆ ಮನೆತನದ ಅರಮನೆ ದಿವಾನ್ ದೇವಡಿಯಲ್ಲಿ ಉದ್ಘಾಟಿಸಿದರು. 1961ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿ, 1968ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.