ಗೋಲುಗಂಬಗಳ ಕಾವಲುಗಾರ ಬಾದು ಝಾಕಿ

ಕಾವಲುಗಾರನ ದುಡಿಮೆ ಕಣ್ಣಿಗೆ ಬೀಳುವುದು ಕಡಿಮೆ. ರಾತ್ರಿಯಿಡೀ ಎಚ್ಚರವಿದ್ದು ಮನೆ ಕಾದವನನ್ನು ಬೆಳಗ್ಗೆ ಯಾರೂ ನೆನೆಯುವುದಿಲ್ಲ. ಒಮ್ಮೆ ಕಳ್ಳತನವಾದರೆ ಮಾತ್ರ ಎಲ್ಲರೂ ಅವನ ಹೆಸರು ಹಿಡಿದು ಕೇಳುತ್ತಾರೆ. ಫುಟ್ಬಾಲಿನಲ್ಲಿ ಗೋಲ್‌ಕೀಪರ್‌ನ ಪಾಡೂ ಇದೇ. ಮೊರಾಕ್ಕೋದ ಬಾದು ಝಾಕಿ ಈ ಕಾವಲನ್ನು ಮೊದಲು ಕೈಗಳಿಂದ, ನಂತರ ತರಬೇತುದಾರನಾಗಿ ಮಾಡಿದವರು.

ಝಾಕಿ ಹುಟ್ಟಿದ್ದು 1959ರಲ್ಲಿ, ಸೀದಿ ಕಾಸಿಮ್ ಪಟ್ಟಣದಲ್ಲಿ. ಸಲೇ ನಗರದ ತಂಡದಲ್ಲಿ ಆಡಿ, 1978ರಲ್ಲಿ ಕಾಸಾಬ್ಲಾಂಕಾದ ಪ್ರಸಿದ್ಧ ವಿದಾದ್ ಕ್ಲಬ್ ಸೇರಿದರು. ಜಗತ್ತು ಅವರನ್ನು ಗುರುತಿಸಿದ್ದು 1986ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ. ಇಂಗ್ಲೆಂಡ್, ಪೋಲೆಂಡ್, ಪೋರ್ಚುಗಲ್ ಇದ್ದ ಗುಂಪಿನಲ್ಲಿ ಮೊರಾಕ್ಕೋ ಮುಂದೆ ಹೋಗುತ್ತದೆಂದು ನಂಬಿದವರು ವಿರಳ. ಅದು ಹಿಜರಿ 1406ರ ರಮಝಾನ್‌ನ ಕೊನೆಯ ದಿನಗಳು. ಪೋಲೆಂಡ್ ವಿರುದ್ಧದ ಪಂದ್ಯ ಗೋಲಿಲ್ಲದೆ ಮುಗಿಯಿತು. ಇಂಗ್ಲೆಂಡ್‌ಗೂ ಗೋಲು ಹೊಡೆಯಲಾಗಲಿಲ್ಲ. ಈದ್ ಕಳೆದ ಬೆನ್ನಿಗೇ, ಜೂನ್ 11ರಂದು, ಮೊರಾಕ್ಕೋ ಪೋರ್ಚುಗಲ್ಲನ್ನು 3-1ರಿಂದ ಸೋಲಿಸಿ ಗುಂಪಿನ ಅಗ್ರಸ್ಥಾನಕ್ಕೇರಿತು. ವಿಶ್ವಕಪ್‌ನ ಮೊದಲ ಹಂತ ದಾಟಿದ ಮೊದಲ ಆಫ್ರಿಕನ್ ತಂಡ ಅದು. ಮೂರು ಪಂದ್ಯಗಳಲ್ಲಿ ಝಾಕಿಯವರನ್ನು ದಾಟಿದ್ದು ಒಂದೇ ಗೋಲು.

ಮುಂದಿನ ಎದುರಾಳಿ ಪಶ್ಚಿಮ ಜರ್ಮನಿ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳು ಉಳಿದಿದ್ದಾಗಲೂ ಜರ್ಮನ್ನರಿಗೆ ಗೋಲು ಸಿಕ್ಕಿರಲಿಲ್ಲ. ಆಗ ಲೋಥರ್ ಮ್ಯಾಥೌಸ್ ದೂರದಿಂದ ಒದ್ದ ಫ್ರೀ ಕಿಕ್ ನೆಲಕ್ಕೆ ತಾಗಿದಂತೆ ಬಂದು ಬಲೆ ಸೇರಿತು. 1-0. ಮೊರಾಕ್ಕೋದ ಪಯಣ ಅಲ್ಲಿಗೆ ಮುಗಿಯಿತು. ಆದರೆ ಆ ವರ್ಷ ಆಫ್ರಿಕಾದ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದದ್ದು ಗೋಲು ಹೊಡೆದವರಿಗಲ್ಲ, ಗೋಲು ತಡೆದ ಝಾಕಿಗೆ.

ಅದೇ ವರ್ಷ ಸ್ಪೇನ್‌ನ ಮಯೋರ್ಕಾ ಕ್ಲಬ್ ಅವರನ್ನು ಕರೆಸಿಕೊಂಡಿತು. 1229ರವರೆಗೆ ಮುಸ್ಲಿಮ್ ಆಳ್ವಿಕೆಯಲ್ಲಿದ್ದು, ಮುಖ್ಯ ನಗರವನ್ನು ಮದೀನಾ ಮಯೂರ್ಕಾ ಎಂದು ಕರೆಯುತ್ತಿದ್ದ ದ್ವೀಪವದು. ಅಲ್ಲಿ ಅವರು ಆರು ವರ್ಷ ಆಡಿದರು. 1991ರಲ್ಲಿ ಕ್ಲಬ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸ್ಪೇನ್‌ನ ರಾಜಕಪ್ ಫೈನಲ್ ತಲುಪಿತು. ಹೆಚ್ಚುವರಿ ಸಮಯದಲ್ಲಿ ಅಟ್ಲೆಟಿಕೋ ಮ್ಯಾಡ್ರಿಡ್ ಎದುರು ಒಂದು ಗೋಲಿನಿಂದ ಸೋತಿತು.

2002ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಝಾಕಿಯವರ ಹೆಗಲೇರಿತು. ಅವರು ಕಟ್ಟಿದ ಎಳೆಯರ ತಂಡ 2004ರ ಆಫ್ರಿಕಾ ಕಪ್‌ಗಾಗಿ ಟ್ಯುನೀಷಿಯಾಕ್ಕೆ ಹೋಯಿತು. ಅದು ನೈಜೀರಿಯಾವನ್ನು ಸೋಲಿಸಿತು. ಅಲ್ಜೀರಿಯಾ ಎದುರು ಕೊನೆಯ ಕ್ಷಣದಲ್ಲಿ ಸಮ ಮಾಡಿಕೊಂಡು, ಹೆಚ್ಚುವರಿ ಸಮಯದಲ್ಲಿ ಗೆದ್ದಿತು. ಸೆಮಿಫೈನಲ್‌ನಲ್ಲಿ ಮಾಲಿಯನ್ನು 4-0ರಿಂದ ಮಣಿಸಿತು. ಐದು ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು ಎರಡೇ ಗೋಲು. ಗೋಲ್‌ಕೀಪರ್ ಆಗಿದ್ದವನ ಲೆಕ್ಕಾಚಾರ ಅದರಲ್ಲಿ ಕಾಣುತ್ತದೆ. ಆದರೆ ಫೆಬ್ರವರಿ 14ರ ಫೈನಲ್‌ನಲ್ಲಿ ಆತಿಥೇಯ ಟ್ಯುನೀಷಿಯಾ 2-1ರಿಂದ ಗೆದ್ದಿತು.

ಮರುವರ್ಷದ ನೋವು ಇನ್ನೂ ದೊಡ್ಡದು. 2006ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಮೊರಾಕ್ಕೋ ಹತ್ತು ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಐದು ಗೆಲುವು, ಐದು ಸಮ, ಒಟ್ಟು 20 ಅಂಕ. ಟ್ಯುನೀಷಿಯಾ ಒಂದು ಪಂದ್ಯ ಸೋತಿತ್ತು, ಆದರೆ ಅದರ ಬಳಿ 21 ಅಂಕಗಳಿದ್ದವು. ಕೊನೆಯ ಪಂದ್ಯ 2-2ರಲ್ಲಿ ನಿಂತಿತು. ಸೋಲದವರು ಮನೆಯಲ್ಲಿ ಉಳಿದರು. ಝಾಕಿ ಹುದ್ದೆ ಬಿಟ್ಟರು.

2014ರಲ್ಲಿ ಅವರಿಗೆ ಮತ್ತೆ ಕರೆ ಬಂತು. ಮರುವರ್ಷದ ಆಫ್ರಿಕಾ ಕಪ್ ಮೊರಾಕ್ಕೋದಲ್ಲೇ ನಡೆಯಬೇಕಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದ್ದರಿಂದ ಸರಕಾರ ಪಂದ್ಯಾವಳಿ ಮುಂದೂಡಲು ಕೇಳಿತು. ಆಫ್ರಿಕಾ ಫುಟ್ಬಾಲ್ ಒಕ್ಕೂಟ ಒಪ್ಪದೆ ಆತಿಥ್ಯವನ್ನೂ ತಂಡದ ಸ್ಥಾನವನ್ನೂ ಕಿತ್ತುಕೊಂಡಿತು. ಸಿದ್ಧಗೊಂಡ ತಂಡಕ್ಕೆ ಆಡಲು ಮೈದಾನವೇ ಇಲ್ಲವಾಯಿತು. 2016ರ ಆರಂಭದಲ್ಲಿ ಝಾಕಿಯವರ ಜಾಗಕ್ಕೆ ಬೇರೊಬ್ಬರು ಬಂದರು.

ಇಷ್ಟನ್ನೇ ಓದಿದರೆ ಇದು ಕೈಗೆ ಬಂದದ್ದು ಬಾಯಿಗೆ ಬಾರದ ಮನುಷ್ಯನ ಕತೆ ಎನಿಸಬಹುದು. ಆದರೆ 2004ರ ಆ ತಂಡದ ರಕ್ಷಣಾ ಸಾಲಿನಲ್ಲಿ ವಲೀದ್ ರಗ್ರಾಗಿ ಎಂಬ ಆಟಗಾರನಿದ್ದ. 2022ರ ಕತಾರ್ ವಿಶ್ವಕಪ್‌ಗೆ ಮೊರಾಕ್ಕೋ ತಂಡವನ್ನು ತರಬೇತುದಾರನಾಗಿ ಕರೆದೊಯ್ದದ್ದು ಅವರೇ. ಗೋಲಿನ ಮುಂದೆ ನಿಂತ ಯಾಸೀನ್ ಬೂನೂ ಬೆಳೆದದ್ದು ಝಾಕಿ ಆಡಿದ್ದ ವಿದಾದ್ ಕ್ಲಬ್‌ನಲ್ಲೇ. ಸೆಮಿಫೈನಲ್ ತನಕ ಎದುರಾಳಿ ಆಟಗಾರರಲ್ಲಿ ಒಬ್ಬನಿಗೂ ಮೊರಾಕ್ಕೋ ವಿರುದ್ಧ ಗೋಲು ಹೊಡೆಯಲಾಗಲಿಲ್ಲ. ಬಿದ್ದ ಒಂದೇ ಗೋಲು ತಮ್ಮವರ ಕಾಲಿಗೆ ತಾಗಿ ಒಳಹೋದದ್ದು. ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್, ಮೊದಲ ಅರಬ್ ತಂಡ ಅದಾಯಿತು. 1986ರಲ್ಲಿ ತೆರೆದ ಬಾಗಿಲಿನಿಂದ 36 ವರ್ಷಗಳ ನಂತರ ಮಕ್ಕಳು ಒಳನಡೆದರು.

2025ರ ಮಾರ್ಚ್‌ನಲ್ಲಿ ಮೊರಾಕ್ಕೋದ ವಜ್ದಾ ನಗರದಲ್ಲಿ ಮೊರಾಕ್ಕೋ ಮತ್ತು ನೈಜರ್ ತಂಡಗಳು ಎದುರಾದವು. ನೈಜರ್‌ನ ತರಬೇತುದಾರ ಝಾಕಿ, ವಯಸ್ಸು 66ರ ಹೊಸ್ತಿಲು. ಎದುರು ಬದಿಯಲ್ಲಿ ರಗ್ರಾಗಿ. ಮೊದಲ ಗೋಲು ಹೊಡೆದದ್ದು ನೈಜರ್. ಕೊನೆಗೆ ಮೊರಾಕ್ಕೋ 2-1ರಿಂದ ಗೆದ್ದಿತು. ಝಾಕಿ ಮತ್ತೊಮ್ಮೆ ಒಂದು ಗೋಲಿನಿಂದ ಸೋತರು, ಈ ಬಾರಿ ತನ್ನದೇ ನೆಲದಲ್ಲಿ, ತಾನು ಆಡಿಸಿದ ಹುಡುಗನಿಗೆ.

ನಮ್ಮ ಮನೆಗಳಲ್ಲಿ, ಮದ್ರಸಗಳಲ್ಲಿ, ಶಾಲೆಗಳಲ್ಲಿ ಹೀಗೆ ಕಾವಲು ಕಾದವರಿದ್ದಾರೆ. ಅವರ ಗೋಡೆಯ ಮೇಲೆ ಪದಕಗಳಿಲ್ಲ. ವಹಿಸಿದ ಅಮಾನತ್ತನ್ನು ಕಾಪಾಡಿ ಮುಂದಿನವರ ಕೈಗೆ ಕೊಟ್ಟರು, ಅಷ್ಟೇ. ಅವರಲ್ಲಿ ಯಾರಾದರೂ ಇನ್ನೂ ನಮ್ಮ ನಡುವೆ ಇದ್ದರೆ, ಹೋಗಿ ಒಂದು ಸಲಾಮ್ ಹೇಳಿ ಬರೋಣ.