ಮಾದಿಹಳ್ಳಿ ಸೀಮೆಯ ಹಳೆಯ ದೊರೆತನ

ಬೇಲೂರು ತಾಲ್ಲೂಕಿನ ಹೋಬಳಿಗಳಲ್ಲೊಂದಾದ ಮಾದಿಹಳ್ಳಿಯನ್ನು ನೋಡಲೆಂದೇ ಬರುವ ಯಾತ್ರಿಕರು ವಿರಳ. ಬೇಲೂರಿನ ಚೆನ್ನಿಗರಾಯನ ದರ್ಶನವನ್ನು ಮುಗಿಸಿ ಹಳೆಯಬೀಡಿನ ಹೊಯ್ಸಳೇಶ್ವರನ ಸನ್ನಿಧಿಗೆ ಧಾವಿಸುವವರಿಗೆ ಈ ಸೀಮೆಯ ಹೊಲಗಳೂ ಕೆರೆಗಳೂ ಬರಿಯ ದಾರಿಯಾಗಿಯೇ ತೋರುವುವು. ಆದರೆ ಆ ಎರಡು ದೇಗುಲಗಳು ತಲೆಯೆತ್ತುವುದಕ್ಕೆ ಬಹು ಮುನ್ನವೇ, ಹೊಯ್ಸಳರಿನ್ನೂ ಕಲ್ಯಾಣದ ಚಾಲುಕ್ಯರಿಗೆ ನಡೆದುಕೊಳ್ಳುವ ಮಾಂಡಲಿಕರಾಗಿದ್ದ ದಿನಗಳಲ್ಲಿ, ಇಲ್ಲಿ ಒಂದು ಚಿಕ್ಕ ದೊರೆತನವು ಬೇರುಬಿಟ್ಟಿತು. ಸಾಮ್ರಾಜ್ಯದ ವೈಭವಕ್ಕಿಂತ ಆ ಚಿಕ್ಕ ದೊರೆತನವೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿದೆ.

ಹೊಯ್ಸಳ ವಂಶದ ಮೂಲಸ್ಥಾನ ಸೊಸೆವೂರು. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಪಟ್ಟಕ್ಕೆ ಬಂದ ವಿನಯಾದಿತ್ಯನು ಮಲೆನಾಡಿನ ಮರೆಯಿಂದ ಬಯಲಿನ ಕಡೆಗೆ ಕಾಲಿರಿಸಿದವನು. ಅವನ ಗುರು ಜೈನಮುನಿ ಶಾಂತಿದೇವರು 1062ರಲ್ಲಿ ಅಂಗಡಿಯಲ್ಲಿಯೇ ದೇಹವಿಟ್ಟರು. ಈ ಅರಸನು ಎಷ್ಟು ಕೆರೆಗಳನ್ನೂ ದೇಗುಲಗಳನ್ನೂ ಬಸದಿಗಳನ್ನೂ ಕಟ್ಟಿಸಿದನೆಂಬುದನ್ನು ಶ್ರವಣಬೆಳಗೊಳದ ಶಾಸನವೊಂದು ವರ್ಣಿಸುವ ಬಗೆ ಅತಿ ಸುಂದರವಾದುದು: ಇಟ್ಟಿಗೆಗೆಂದು ಮಣ್ಣು ತೆಗೆದ ಗುಳಿಗಳೇ ಕೆರೆಗಳಾದುವಂತೆ, ಕಲ್ಲಿಗಾಗಿ ಕಡಿದ ಬೆಟ್ಟಗಳು ನೆಲಸಮವಾದುವಂತೆ, ಗಾರೆಯನ್ನು ಹೊತ್ತ ಬಂಡಿಗಳು ಓಡಾಡಿದ ದಾರಿಗಳು ಕೊರಕಲುಗಳಾದುವಂತೆ. ಉತ್ಪ್ರೇಕ್ಷೆ ಹೌದು, ಆದರೆ ಬಂಡಿಯ ಗಾಲಿ ಹಸಿಮಣ್ಣಿನಲ್ಲಿ ಹೂತುಹೋಗುವುದನ್ನು ಕಣ್ಣಾರೆ ಕಂಡವನಿಗಲ್ಲದೆ ಇಂಥ ಉತ್ಪ್ರೇಕ್ಷೆ ಹೊಳೆಯದು. ಈ ಸೀಮೆಯ ಕೆರೆಯೊಂದರ ಏರಿಯ ಮೇಲೆ ಸಂಜೆ ನಿಂತಿದ್ದಾಗ, ನೀರುಗಂಟಿಯು ತೂಬಿನ ಕೆಳಗೆ ಮೊಳಕಾಲುದ್ದ ಇಳಿದು, ಕಾಲುವೆಯ ಬಾಯಿಗೆ ಕಟ್ಟಿಕೊಂಡಿದ್ದ ಹೂಳನ್ನು ಗುದ್ದಲಿಯಿಂದ ಎಳೆದೆಸೆಯಲು, ಕೆಂಪು ನೀರು ಸರಕ್ಕನೆ ಗದ್ದೆಯತ್ತ ಹರಿದುದನ್ನು ಕಂಡೆನು. ಆ ಶಾಸನದ ಕವಿಯ ನೆನಪಾಯಿತು.

ಚಿಕ್ಕ ರಾಜ್ಯವಾದುದರಿಂದ ಆಳಿಕೆಯೂ ಮನೆವಾರ್ತೆಯೂ ಬೇರೆಬೇರೆಯಾಗಿರಲಿಲ್ಲ. ವಿನಯಾದಿತ್ಯನ ರಾಣಿ ಕೆಳೆಯಬ್ಬರಸಿಯು ಮರಿಯಾನೆ ದಂಡನಾಯಕನನ್ನು ತಮ್ಮನಂತೆ ಪೋಷಿಸಿ, ದೇಕವ್ವೆಯೆಂಬ ಕನ್ಯೆಯನ್ನು ತಂದು ಮದುವೆಮಾಡಿಸಿ, ಸಿಂದಿಗೆರೆಯೆಂಬ ಊರಿನ ಪ್ರಭುತ್ವವನ್ನು ಕೊಡಿಸಿದಳು. ಅರ್ಧ ಶತಮಾನ ಕಳೆದ ಮೇಲೆ, 1103ರಲ್ಲಿ, ಆಕೆಯ ಮೊಮ್ಮಗ ಒಂದನೆಯ ಬಲ್ಲಾಳನು ಬೇಲೂರಿನಲ್ಲಿ ಅದೇ ವಂಶದ ಎರಡನೆಯ ಮರಿಯಾನೆಯ ಮೂವರು ಹೆಣ್ಣುಮಕ್ಕಳನ್ನು, ಶಾಸ್ತ್ರದಲ್ಲಿಯೂ ಗೀತನೃತ್ಯಗಳಲ್ಲಿಯೂ ಪರಿಣತೆಯರಾದ ಪದುಮಲದೇವಿ, ಚಾವಲದೇವಿ, ಬೊಪ್ಪದೇವಿಯರನ್ನು, ಒಂದೇ ಹಸೆಯಲ್ಲಿ ಕೈಹಿಡಿದನು. ಮೊಲೆಹಾಲನ್ನು ಉಣಿಸಿದ ಋಣಕ್ಕೆಂದು ಸಿಂದಿಗೆರೆಯನ್ನು ಆ ಮಾವನಿಗೆ ಮತ್ತೊಮ್ಮೆ ದತ್ತಿಯಾಗಿತ್ತನು. ಹಾಲಿನ ಋಣವನ್ನು ಲೆಕ್ಕಕ್ಕೆ ತೆಗೆದುಕೊಂಡು ಊರನ್ನು ಕೊಡುವ ಅರಸನೂ, ಅದನ್ನು ಕಲ್ಲಿನ ಮೇಲೆ ಬರೆಯಿಸಲು ಸಂಕೋಚಪಡದ ಮನೆತನವೂ ಎಷ್ಟು ಆತ್ಮೀಯವಾದ ರಾಜನೀತಿಯನ್ನು ನಮಗೆ ತೋರಿಸಿಕೊಡುತ್ತಾರೆ!

ವಿನಯಾದಿತ್ಯನಿಗೂ ಬಲ್ಲಾಳನಿಗೂ ನಡುವೆ ಆಳಿದ ಎರೆಯಂಗನು ಚಾಲುಕ್ಯ ವಿಕ್ರಮಾದಿತ್ಯನ ಪರವಾಗಿ ಮಾಳವದ ಧಾರಾನಗರದವರೆಗೂ ದಂಡೆತ್ತಿ ಹೋದವನು. ಬಲ್ಲಾಳನ ಕಾಲದಲ್ಲಿ ಸಾಂತರ ವಂಶದ ಜಗದ್ದೇವನು ಇಂದಿನ ಹಳೆಯಬೀಡಾದ ದೋರಸಮುದ್ರದ ಮೇಲೆ ಏರಿಬಂದು ಸೋತು ಹಿಂತಿರುಗಿದನು. 1108ರ ಸುಮಾರಿಗೆ ಬಲ್ಲಾಳನ ತಮ್ಮ ಬಿಟ್ಟಿದೇವನಿಗೆ ಪಟ್ಟವು ಬಂದಿತು. ವಿಷ್ಣುವರ್ಧನನೆನಿಸಿದ ಅವನು ತಲಕಾಡನ್ನು ಗೆದ್ದು, 1117ರಲ್ಲಿ ಬೇಲೂರಿನ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಕಥೆ ಎಲ್ಲರಿಗೂ ತಿಳಿದಿದೆ. ಆ ವಿಸ್ತಾರವಾದ ರಾಜ್ಯದ ದಂಡನ್ನು ನಡೆಸಿದವರಲ್ಲಿ ಮರಿಯಾನೆ, ಭರತರೆಂಬ ಸೋದರರಿಬ್ಬರಿದ್ದರು. ಕೆಳೆಯಬ್ಬರಸಿಯು ಸಾಕಿ ಮದುವೆಮಾಡಿಸಿದ ಆ ಮೊದಲ ಮರಿಯಾನೆಯ ವಂಶದವರು, ಸಿಂದಿಗೆರೆಯವರು.